ಬೆಲ್ಟ್ ಬೇಡ, ಟ್ರ್ಯಾಕ್ಷನ್ ಬೇಡ, ಇಂಜೆಕ್ಷನ್ ಬೇಡ: ಸೊಂಟ ನೋವಿನ ರೋಗಿ ಯಾರ ಮಾತು ಕೇಳಬೇಕು?

ಸೊಂಟ ನೋವಿನ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಮೂರು ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದರೆ ಯಾರಿಗಾದರೂ ತಲೆ ಕೆಡುತ್ತದೆ. ಮೊದಲನೆಯದು 2023ರ ಡಿಸೆಂಬರಿನದು. ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟ ನೋವಿನ ಚಿಕಿತ್ಸೆಯ ಕುರಿತು ತನ್ನ ಮೊತ್ತಮೊದಲ ಮಾರ್ಗಸೂಚಿ ಹೊರಡಿಸಿತು. ಸೊಂಟದ ಬೆಲ್ಟ್, ಟ್ರ್ಯಾಕ್ಷನ್ (ಭಾರ ಕಟ್ಟಿ ಬೆನ್ನನ್ನು ಎಳೆಯುವುದು), ಅಫೀಮು ವರ್ಗದ ನೋವಿನ ಗುಳಿಗೆ ಇವುಗಳನ್ನು ಸಾಮಾನ್ಯವಾಗಿ ಕೊಡಬೇಡಿ ಎಂದಿತು. ಎರಡನೆಯದು 2025ರ ಫೆಬ್ರವರಿಯದು. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಅಂತರರಾಷ್ಟ್ರೀಯ ಸಮಿತಿಯೊಂದು ದೀರ್ಘಕಾಲದ ಬೆನ್ನು ನೋವಿಗೆ ಬೆನ್ನೆಲುಬಿನ ಬಳಿ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್, ನರವನ್ನು ಮರಗಟ್ಟಿಸುವ ಬ್ಲಾಕ್, ರೇಡಿಯೊ ತರಂಗದಿಂದ ನರ ಸುಡುವ ವಿಧಾನ ಇವೆಲ್ಲದರ ವಿರುದ್ಧ ಬಲವಾದ ಶಿಫಾರಸು ಮಾಡಿತು. ಮರುತಿಂಗಳೇ ಅದರ ಸೋದರ ಪತ್ರಿಕೆಯಲ್ಲಿ ಮೂರನೆಯದು ಬಂತು. 301 ಪ್ರಯೋಗಗಳಲ್ಲಿ 56 ಬಗೆಯ ಚಿಕಿತ್ಸೆಗಳನ್ನು ತುಲನೆ ಮಾಡಿ ನೋಡಿದಾಗ, ಶಸ್ತ್ರಚಿಕಿತ್ಸೆಯಲ್ಲದ ಚಿಕಿತ್ಸೆಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಮಾತ್ರ ಹುಸಿಮದ್ದಿಗಿಂತ (ಪ್ಲಸೀಬೊ) ಮೇಲು, ಅದೂ ಸ್ವಲ್ಪವೇ ಮೇಲು ಎಂಬುದು ಅದರ ಸಾರ.

ಇತ್ತ ಮುಂಬಯಿ ಸುತ್ತಲಿನ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಪುಣೆಯ ಹಡಪ್ಸರದಲ್ಲೋ ಸೊಂಟ ಹಿಡಿದುಕೊಂಡು ವೈದ್ಯರ ಬಳಿ ಹೋದವನ ಕೈಗೆ ಬರುವ ಚೀಟಿಯಲ್ಲಿ ಇವೇ ಇರುತ್ತವೆ. ಒಂದು ಎಂಆರ್‌ಐ, ಒಂದು ಬೆಲ್ಟ್, ಹತ್ತು ದಿನ ಟ್ರ್ಯಾಕ್ಷನ್, ಮೂರು ವಾರ ವಿಶ್ರಾಂತಿ, "ಬಗ್ಗಬೇಡಿ, ಭಾರ ಎತ್ತಬೇಡಿ, ನೆಲದ ಮೇಲೆ ಕೂರಬೇಡಿ". ಪತ್ರಿಕೆ ಬೇಡ ಎಂದದ್ದನ್ನೆಲ್ಲ ವೈದ್ಯರು ಬರೆದಿದ್ದಾರೆ. ರೋಗಿ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಾನೆ. ವಿಷಯ ಅಷ್ಟು ಸರಳವಾಗಿಲ್ಲ.

ಸುದ್ದಿ ಹೇಳಿದ್ದೇನು, ಹೇಳದ್ದೇನು

ಮೊದಲು ವ್ಯಾಪ್ತಿ ತಿಳಿದುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇರುವುದು ಮೂರು ತಿಂಗಳಿಗೂ ಮೀರಿ ಉಳಿದ, ಇಂಥದೇ ರೋಗದಿಂದ ಬಂದದ್ದು ಎಂದು ಬೊಟ್ಟು ಮಾಡಿ ತೋರಿಸಲಾಗದ ನೋವಿಗೆ. ಸೊಂಟ ನೋವಿನ ಪ್ರಕರಣಗಳಲ್ಲಿ ಸುಮಾರು ಶೇ 90 ಈ ಗುಂಪಿಗೇ ಸೇರುತ್ತವೆ. ಮೂಳೆ ಮುರಿತ, ಕ್ಷಯ, ಕ್ಯಾನ್ಸರ್, ನರದ ಮೇಲೆ ಬಿದ್ದ ಗಂಭೀರ ಒತ್ತಡ ಇವು ಅದರ ಹೊರಗಿನವು. ಬಿಎಂಜೆ ಶಿಫಾರಸು ಕೂಡ ಹೊಸದಾಗಿ ಬಂದ ನೋವಿಗೆ ಅನ್ವಯಿಸುವುದಿಲ್ಲ. ಕ್ಯಾನ್ಸರ್ ಮತ್ತು ಉರಿಯೂತದ ಸಂಧಿವಾತದಿಂದ ಬಂದ ನೋವನ್ನು ಅದು ಬಿಟ್ಟಿದೆ.

ಎರಡನೆಯದಾಗಿ, "ಹತ್ತರಲ್ಲಿ ಒಂದು" ಎಂಬ ಲೆಕ್ಕ ಚಿಕಿತ್ಸೆಗಳದು, ರೋಗಿಗಳದಲ್ಲ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ವಾಸಿಯಾಗುವುದಿಲ್ಲ ಎಂದು ಅದನ್ನು ಓದಿಕೊಂಡರೆ ಪೂರ್ತಿ ಅಪಾರ್ಥ. ಹೊಸದಾಗಿ ಹಿಡಿದುಕೊಂಡ ಸೊಂಟ ಬಹುತೇಕರಲ್ಲಿ ಆರು ವಾರಗಳೊಳಗೆ ಬಹಳಷ್ಟು ತಾನಾಗಿಯೇ ಸಡಿಲವಾಗುತ್ತದೆ. ಗೊಂದಲದ ಬೇರು ಇರುವುದೂ ಇಲ್ಲೇ. ನೋವು ತಾರಕಕ್ಕೇರಿದಾಗಲೇ ಜನ ವೈದ್ಯರ ಬಳಿ ಓಡುತ್ತಾರೆ, ತಾರಕಕ್ಕೇರಿದ ನೋವು ಆಮೇಲೆ ಇಳಿಯಲೇಬೇಕು. ಇಳಿಯುವಾಗ ಸೊಂಟದ ಮೇಲೆ ಏನಿತ್ತೋ ಅದಕ್ಕೆ ಕೀರ್ತಿ ಹೋಗುತ್ತದೆ. ಬೆಲ್ಟ್ ಇದ್ದರೆ ಬೆಲ್ಟಿಗೆ, ಮಹಾನಾರಾಯಣ ತೈಲ ಇದ್ದರೆ ತೈಲಕ್ಕೆ, ಉಳುಕು ತೆಗೆಯುವವನು ಬೆನ್ನು ತುಳಿದಿದ್ದರೆ ಅವನ ಪಾದಕ್ಕೆ. ಹುಸಿಮದ್ದಿನೊಂದಿಗೆ ಹೋಲಿಸುವ ಪ್ರಯೋಗ ಬೇಕಾಗುವುದು ಈ ಕೀರ್ತಿಯನ್ನು ಬೇರ್ಪಡಿಸಿ ನೋಡಲೆಂದೇ. ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಪ್ಯಾರಸಿಟಮಾಲ್ ಅನ್ನು ಹಾಗೆ ಪರೀಕ್ಷಿಸಿದಾಗ, ಗುಳಿಗೆ ನುಂಗಿದವರೂ ಹುಸಿಗುಳಿಗೆ ನುಂಗಿದವರೂ ಒಂದೇ ವೇಗದಲ್ಲಿ ಗುಣವಾದರು.

ಹಾಗಾದರೆ ಉಳಿದದ್ದು ಯಾವುದು? ಹೊಸ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ವರ್ಗದ ಮಾತ್ರೆಗಳು ಅಲ್ಪಸ್ವಲ್ಪ ಕೆಲಸ ಮಾಡುತ್ತವೆ. ಜಠರ, ಮೂತ್ರಪಿಂಡ, ಹೃದಯದ ತೊಂದರೆ ಇದ್ದವರು ಇವನ್ನು ಕೇಳದೆ ನುಂಗಬಾರದು. ಹಳೆಯ ನೋವಿಗೆ ವ್ಯಾಯಾಮ ಮತ್ತು ಬೆನ್ನಿಗೆ ಕೈಯಿಂದ ಕೊಡುವ ಕೆಲವು ಚಿಕಿತ್ಸೆಗಳು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇವುಗಳ ಜೊತೆಗೇ ಇರುವ ಇನ್ನೊಂದು ಅಂಶ ಸುದ್ದಿಯಲ್ಲಿ ಹೆಚ್ಚು ಕಾಣಲಿಲ್ಲ: ರೋಗಿಗೆ ಅವನ ನೋವಿನ ಬಗ್ಗೆ ತಿಳಿವಳಿಕೆ ಕೊಡುವುದು. ನನ್ನ ದೃಷ್ಟಿಯಲ್ಲಿ ಇಡೀ ಮಾರ್ಗಸೂಚಿಯ ತಿರುಳು ಅದೇ. ತನ್ನ ಸೊಂಟಕ್ಕೆ ಏನಾಗಿದೆ ಎಂದು ರೋಗಿ ನಂಬಿದ್ದಾನೋ ಆ ನಂಬಿಕೆಯೇ ನೋವು ಎಷ್ಟು ದಿನ ಉಳಿಯಬೇಕು ಎಂಬುದರಲ್ಲಿ ಕೈಯಾಡಿಸುತ್ತದೆ. ಆ ನಂಬಿಕೆ ಬಹುಪಾಲು ಹುಟ್ಟುವುದು ಅಜ್ಜಿಯ ಅಡುಗೆಮನೆಯಲ್ಲಲ್ಲ, ವೈದ್ಯರ ಕೋಣೆಯಲ್ಲಿ.

ರೋಗಿಯ ಮನಸ್ಸಿನಲ್ಲಿರುವ ಚಿತ್ರ

ಮುಂಬಯಿಯ ಯಾವುದೇ ಕನ್ನಡ ಮನೆಯಲ್ಲಿ ಸೊಂಟ ನೋವಿನ ಮಾತೆತ್ತಿ ನೋಡಿ, ನಾಲ್ಕೈದು ವಿವರಣೆಗಳು ತಟ್ಟನೆ ಬರುತ್ತವೆ. ಹಿರಿಯರಿಗೆ ಅದು ವಾಯು: ಆಲೂಗಡ್ಡೆ, ಕಡಲೆ, ಬದನೆ ಬಿಟ್ಟರೆ ಹೋಗುತ್ತದೆ. ಸಿಸೇರಿಯನ್ ಆದ ಹೆಂಗಸರಿಗೆ ಅದು ಹೆರಿಗೆಯ ಹೊತ್ತಿಗೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ಫಲ; ಬಾಣಂತನದಲ್ಲಿ ಸೊಂಟಕ್ಕೆ ಬಟ್ಟೆ ಬಿಗಿದು ಕಟ್ಟದಿದ್ದರ ಫಲ ಎಂದು ಅತ್ತೆ ಸೇರಿಸುತ್ತಾರೆ. ಹಾಸಿಗೆ ಮೆತ್ತಗಾದದ್ದೇ ಕಾರಣ, ನೆಲದ ಮೇಲೆ ಮಲಗು ಎನ್ನುವವರು ಮತ್ತೊಬ್ಬರು. ಮಧ್ಯವಯಸ್ಸಿನವರು ಹೇಳುವುದು ಇಲ್ಲಿನ ದವಾಖಾನೆಗಳಲ್ಲಿ ಕೇಳಿ ಬಂದ ಮಾತು: "ಮಣಕ್ಯಾತ ಗ್ಯಾಪ್ ಆಹೆ" (ಬೆನ್ನುಮಣಿಯಲ್ಲಿ ಗ್ಯಾಪ್ ಇದೆ), "ನಸ್ ದಬಲೀ ಆಹೆ" (ನರ ಒತ್ತಿಹೋಗಿದೆ). ಸಂಘದ ಆರೋಗ್ಯ ಶಿಬಿರದಲ್ಲಿ ಮೂಳೆ ಸಾಂದ್ರತೆ ಅಳೆಯುವ ಯಂತ್ರಕ್ಕೆ ಹಿಮ್ಮಡಿ ಒಡ್ಡಿ ಬಂದವರಿಗೆ ಅದು ಮೂಳೆ ಸವೆತ.

ಇವುಗಳಲ್ಲಿ ಕೆಲವನ್ನು ಬೇಗ ಮುಗಿಸಬಹುದು. ಬೆನ್ನಿಗೆ ಅರಿವಳಿಕೆ ಪಡೆದು ಹೆತ್ತವರನ್ನೂ ಪಡೆಯದೆ ಹೆತ್ತವರನ್ನೂ ಹೋಲಿಸಿದ ಪ್ರಯೋಗಗಳಲ್ಲಿ ದೀರ್ಘಕಾಲದ ಬೆನ್ನು ನೋವಿನಲ್ಲಿ ವ್ಯತ್ಯಾಸ ಕಂಡಿಲ್ಲ. ಬಸಿರು, ಹೆರಿಗೆ, ಮಗುವನ್ನು ಎತ್ತಿ ಇಳಿಸುವುದು, ನಿದ್ದೆಗೇಡು ಇವೇ ಸೊಂಟಕ್ಕೆ ಸಾಕು. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಹತ್ತು ವರ್ಷವಲ್ಲ. ಗಟ್ಟಿ ಹಾಸಿಗೆಯ ಮಾತನ್ನು ಸ್ಪೇನಿನ ವೈದ್ಯರು 313 ಮಂದಿಯಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ತೀರ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಮೇಲಾಯಿತು. ಮೂಳೆ ಸಾಂದ್ರತೆ ಕಡಿಮೆಯಾಗುವುದು ತಾನಾಗಿ ನೋಯುವುದಿಲ್ಲ, ಮೂಳೆ ಮುರಿದರೆ ನೋಯುತ್ತದೆ. ವಾಯುವಿನ ಮಾತಿಗೆ ಪುರಾವೆ ಇಲ್ಲ. ಅದರಿಂದ ಹಾನಿಯೂ ಅಷ್ಟಿಲ್ಲ. ಬದನೆ ಬಿಟ್ಟವನು ನಡೆಯುವುದನ್ನೇನೂ ಬಿಡುವುದಿಲ್ಲ.

ಹಾನಿ ಇರುವುದು "ಗ್ಯಾಪ್" ಮತ್ತು "ನಸ್"ನಲ್ಲಿ. ಎಕ್ಸ್‌-ರೇಯಲ್ಲಿ ವೈದ್ಯರು ನೋಡುವುದು ಎರಡು ಮಣಿಗಳ ನಡುವಿನ ಜಾಗ ಕಿರಿದಾಗಿರುವುದನ್ನು. ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕಿನಲ್ಲಿ ನೀರಿನಂಶ ಇಳಿದು ಎತ್ತರ ತಗ್ಗಿರುತ್ತದೆ. ರೋಗಿ ಕೇಳಿಸಿಕೊಳ್ಳುವುದು ತದ್ವಿರುದ್ಧ: ಮೂಳೆಗಳು ಕಳಚಿ ದೂರವಾಗಿವೆ, ಬಗ್ಗಿದರೆ ಇನ್ನಷ್ಟು ಬಾಯಿ ಬಿಡುತ್ತವೆ. "ಡಿಸ್ಕ್ ಜಾರಿದೆ" ಎಂದಾಗಲೂ ಹಾಗೆಯೇ. ಡಿಸ್ಕ್ ಮೇಲೆ ಕೆಳಗೆ ಎರಡೂ ಕಡೆ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಜಾರಿ ಎಲ್ಲೂ ಹೋಗುವುದಿಲ್ಲ. ಅದರ ಅಂಚು ಉಬ್ಬಬಹುದು, ಬಿರಿದು ಒಳಗಿನ ಅಂಶ ಹೊರಗೆ ಚೆಲ್ಲಬಹುದು. ಚೆಲ್ಲಿದ್ದನ್ನು ದೇಹವೇ ಕಾಲಕ್ರಮೇಣ ಕರಗಿಸುತ್ತದೆ. ದೊಡ್ಡದಾಗಿ ಚೆಲ್ಲಿದಷ್ಟೂ ಕರಗುವ ಸಂಭವ ಹೆಚ್ಚು ಎಂಬುದು ಕೇಳಿದವರಿಗೆ ನಂಬಲಾಗದ, ಆದರೆ ಪದೇ ಪದೇ ಕಂಡುಬಂದಿರುವ ಸಂಗತಿ.

ಈ ಚಿತ್ರ ರೋಗಿಯ ಸ್ವಂತ ಕಲ್ಪನೆಯಲ್ಲ. 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಕಾಲಿಗಿಳಿಯುವ ನರದ ನೋವಿಗೂ ಬಿರಿದ ಡಿಸ್ಕಿಗೂ ಇರುವ ನಂಟನ್ನು ತೋರಿಸಿದರು. ನಂಟು ನಿಜವಾದದ್ದೇ. ಆದರೆ ಅದು ಕಾಲಿಗಿಳಿಯುವ ನೋವಿಗೆ ಹೇಳಿದ ಮಾತಾಗಿ ಉಳಿಯಲಿಲ್ಲ. ಮುಂದಿನ ಅರ್ಧ ಶತಮಾನದಲ್ಲಿ ಸೊಂಟದ ಎಲ್ಲ ನೋವಿಗೂ ವೈದ್ಯಲೋಕ ಅದೇ ವಿವರಣೆ ಹಚ್ಚಿತು. ಭಾಗ ಕೆಟ್ಟಿದೆ, ಭಾಗಕ್ಕೆ ವಿಶ್ರಾಂತಿ ಕೊಡಿ, ಇಲ್ಲವೇ ರಿಪೇರಿ ಮಾಡಿಸಿ. ವೈದ್ಯಲೋಕ ಈಗ ಆ ವಿವರಣೆಯಿಂದ ಹಿಂದೆ ಸರಿಯುತ್ತಿದೆ, ಅದನ್ನು ನಂಬಿ ಕುಳಿತ ರೋಗಿಗೆ ಮಾತ್ರ ಯಾರೂ ತಿಳಿಸಿಲ್ಲ.

ವರದಿಯ ಭಾಷೆ

ಒಂದು ಮಾಮೂಲಿ ಎಂಆರ್‌ಐ ವರದಿಯ ಕೊನೆಯ ಭಾಗ ಹೀಗಿರುತ್ತದೆ: ಎಲ್4-ಎಲ್5ರಲ್ಲಿ ಡಿಸ್ಕ್ ಡೆಸಿಕೇಶನ್, ಡಿಫ್ಯೂಸ್ ಬಲ್ಜ್, ಥೀಕಲ್ ಸ್ಯಾಕ್ ಮೇಲೆ ಇಂಡೆಂಟೇಶನ್, ಎರಡೂ ಬದಿಯಲ್ಲಿ ಫೊರಾಮಿನಲ್ ನ್ಯಾರೋಯಿಂಗ್. ಅಂದರೆ ಸೊಂಟದ ಒಂದು ಡಿಸ್ಕ್ ಒಣಗಿದೆ, ಸುತ್ತ ಉಬ್ಬಿದೆ, ನರಗಳ ಚೀಲವನ್ನು ಒತ್ತಿದೆ, ನರ ಹೊರಬರುವ ರಂಧ್ರ ಕಿರಿದಾಗಿದೆ. ಪರೀಕ್ಷಾ ಕೇಂದ್ರದ ಕೌಂಟರಿನಲ್ಲಿ ಲಕೋಟೆ ಕೈಗೆ ಬಂದ ಕೂಡಲೇ ರೋಗಿಯೂ ಮಗನೂ ಅದನ್ನು ಬಿಡಿಸಿ ಓದುತ್ತಾರೆ, ಮೊಬೈಲಿನಲ್ಲಿ ಹುಡುಕುತ್ತಾರೆ. ವೈದ್ಯರನ್ನು ಕಾಣುವ ಹೊತ್ತಿಗೆ ತೀರ್ಪು ಹೊರಬಿದ್ದಾಗಿರುತ್ತದೆ.

ವರದಿಯಲ್ಲಿ ಇರದ ಒಂದು ಸಾಲು ಇದೆ: ನೋವೇ ಇಲ್ಲದವರಲ್ಲಿ ಇವು ಎಷ್ಟು ಸಾಮಾನ್ಯ? 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಬೆನ್ನು ನೋವಿಲ್ಲದ 3,110 ಮಂದಿಯ ಚಿತ್ರಗಳನ್ನು ಒಟ್ಟುಗೂಡಿಸಿತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆದಿತ್ತು, ಶೇ 30 ಮಂದಿಗೆ ಉಬ್ಬಿತ್ತು. ಎಂಬತ್ತರಲ್ಲಿ ಸವೆತ ಶೇ 96, ಉಬ್ಬು ಶೇ 84. ಅಂದರೆ ಇವುಗಳಲ್ಲಿ ಬಹುಪಾಲು ಕೂದಲು ನರೆಯುವಂಥ ಬದಲಾವಣೆ. ನೋವಿರುವವರಲ್ಲಿ ಇವು ಸ್ವಲ್ಪ ಹೆಚ್ಚು ಕಾಣುತ್ತವೆ ಎಂಬುದೂ ನಿಜ, ಹಾಗಾಗಿ ಎಂಆರ್‌ಐ ಕಸ ಎಂದು ತಳ್ಳಿಹಾಕುವಂತಿಲ್ಲ. ಆದರೆ ಚಿತ್ರದಲ್ಲಿ ಕಂಡದ್ದೇ ನೋವಿನ ಮೂಲ ಎಂದು ಹೇಳಲು ಅಷ್ಟು ಸಾಲದು.

ವರದಿ ಬರೆಯುವವರಲ್ಲಾದರೂ ಒಮ್ಮತವಿದೆಯೇ ಎಂದರೆ, ಅಮೆರಿಕದಲ್ಲಿ 63 ವಯಸ್ಸಿನ ಒಬ್ಬ ಮಹಿಳೆಯನ್ನು ಮೂರು ವಾರಗಳಲ್ಲಿ ಹತ್ತು ಕೇಂದ್ರಗಳಿಗೆ ಕಳಿಸಿ ನೋಡಿದ್ದಾರೆ. ಹತ್ತು ವರದಿಗಳಲ್ಲಿ ಒಟ್ಟು 49 ದೋಷಗಳು ದಾಖಲಾದವು, ಹತ್ತರಲ್ಲೂ ಇದ್ದ ದೋಷ ಒಂದೂ ಇರಲಿಲ್ಲ. 2017ರ ಈ ಪ್ರಯೋಗವನ್ನು ಓದಿದ ಮೇಲೂ ಒಂದೇ ವರದಿ ಹಿಡಿದು ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡುವವರ ಧೈರ್ಯವನ್ನು ಮೆಚ್ಚಬೇಕು.

ನಮಗೆ ಹತ್ತಿರದ ಪುರಾವೆ ಕೊಯಮತ್ತೂರಿನದು. ಅಲ್ಲಿನ ಗಂಗಾ ಆಸ್ಪತ್ರೆಯ ಬೆನ್ನುಮೂಳೆ ತಜ್ಞರು ಗಂಭೀರ ಕಾಯಿಲೆಯಿಲ್ಲದ ಸೊಂಟ ನೋವಿನ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಆರ್‌ಐಯಲ್ಲಿ ಕಂಡದ್ದನ್ನೆಲ್ಲ ವಿವರಿಸಿದರು. ಇನ್ನೊಂದಕ್ಕೆ, ನಿಮ್ಮ ಬೆನ್ನು ಹೆಚ್ಚುಕಡಿಮೆ ಸಹಜವಾಗಿದೆ, ಇವು ವಯಸ್ಸಿನ ಬದಲಾವಣೆ ಎಂದರು. ಚಿಕಿತ್ಸೆ ಇಬ್ಬರಿಗೂ ಒಂದೇ. ಆರು ವಾರಗಳ ಬಳಿಕ ದೋಷಗಳ ಪಟ್ಟಿ ಕೇಳಿದ್ದ ಗುಂಪಿನಲ್ಲಿ ಹೆದರಿಕೆ ಹೆಚ್ಚಿತ್ತು, ತಮ್ಮ ಬೆನ್ನು ಕೆಟ್ಟಿದೆಯೆಂಬ ಭಾವನೆ ಹೆಚ್ಚಿತ್ತು. ನೋವೂ ಹೆಚ್ಚಿತ್ತು. 2021ರಲ್ಲಿ ಯೂರೋಪಿನ ಪತ್ರಿಕೆಯಲ್ಲಿ ಬಂದ ಈ ಫಲಿತಾಂಶದ ವಿಶೇಷವೆಂದರೆ, ಬರೆದವರು ಮನೋವಿಜ್ಞಾನಿಗಳಲ್ಲ, ದಿನವೂ ಕತ್ತರಿ ಹಿಡಿಯುವ ಶಸ್ತ್ರವೈದ್ಯರು.

ಹೆದರಿಕೆ ಸೊಂಟದೊಳಗೆ ಇಳಿಯುವ ದಾರಿ

ನಂಬಿಕೆ ನೋವನ್ನು ಹೆಚ್ಚಿಸುತ್ತದೆ ಎಂದರೆ ನೋವು ಸುಳ್ಳು, ನಾಟಕ, "ಮಾನಸಿಕ" ಎಂದು ಕೇಳಿಸುತ್ತದೆ. ಹಾಗೆ ಕೇಳಿಸಿಕೊಂಡ ರೋಗಿ ಎದ್ದು ಇನ್ನೊಬ್ಬ ವೈದ್ಯರ ಬಳಿ ಹೋಗುತ್ತಾನೆ, ಹೋಗುವುದು ನ್ಯಾಯವೇ. ಆದ್ದರಿಂದ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮಾಟುಂಗದ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಆರರಿಂದ ನಿಂತೇ ಇರುತ್ತಾನೆ. ಹಿಟ್ಟಿನ ಪಾತ್ರೆ ಎಡಗಡೆ ಕೆಳಗಿದೆ, ಪ್ರತಿ ದೋಸೆಗೂ ಸೊಂಟ ತಿರುಗಿಸಿ ಬಾಗಬೇಕು. ಒಂದು ದಿನ ಗ್ರೈಂಡರಿನಿಂದ ಹಿಟ್ಟಿನ ಪಾತ್ರೆ ಎತ್ತುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಇಲ್ಲಿಯವರೆಗೆ ನಡೆದದ್ದು ದಣಿದ ಸ್ನಾಯು, ಸೆಳೆದ ಅಸ್ಥಿರಜ್ಜು. ಹತ್ತು ಹದಿನೈದು ದಿನದ ಕಥೆ. ಈಗ ಅವನಿಗೆ ಬೆನ್ನಿನಲ್ಲಿ ಗ್ಯಾಪ್ ಇದೆ ಎಂದು ತಿಳಿಯುತ್ತದೆ. ಬಾಗಿದರೆ ನರಕ್ಕೆ ಪೆಟ್ಟು, ಕಾಲು ಹೋದರೆ ಹೋಯಿತು ಎಂಬ ಭಯ. ಭಯಪಟ್ಟ ದೇಹ ಸೊಂಟದ ಸುತ್ತಲಿನ ಸ್ನಾಯುಗಳನ್ನು ಬಿಗಿಹಿಡಿದೇ ಇಡುತ್ತದೆ. ಬಿಗಿದ ಸ್ನಾಯು ದಣಿಯುತ್ತದೆ, ದಣಿದದ್ದು ನೋಯುತ್ತದೆ. ಆ ನೋವನ್ನು ಅವನು ಗ್ಯಾಪ್ ದೊಡ್ಡದಾಯಿತು ಎಂದು ಓದುತ್ತಾನೆ. ಊರಿಗೆ ಹೋಗಿ ತಿಂಗಳು ಮಲಗುತ್ತಾನೆ, ಬೆಲ್ಟ್ ಬಿಚ್ಚುವುದಿಲ್ಲ. ತಿಂಗಳು ಕಳೆದು ಬಂದಾಗ ಬೆನ್ನಿನ ಬಲ ತಗ್ಗಿದೆ, ಅದೇ ಪಾತ್ರೆ ಮೊದಲಿಗಿಂತ ಭಾರ. ಎರಡನೆಯ ಸಲ ಹಿಡಿದುಕೊಳ್ಳುತ್ತದೆ. ಈ ನಡುವೆ ನರಮಂಡಲವೂ ಕಲಿತಿರುತ್ತದೆ: ವಾರಗಟ್ಟಲೆ ಎಚ್ಚರಿಕೆಯಲ್ಲೇ ಇದ್ದ ಮೆದುಳು, ಬೆನ್ನುಹುರಿ ಮೊದಲು ಲೆಕ್ಕಕ್ಕಿಡದ ಸಣ್ಣ ಸಂಕೇತವನ್ನೂ ನೋವೆಂದೇ ಗ್ರಹಿಸತೊಡಗುತ್ತವೆ. ನಿದ್ದೆಗೇಡು, ಕೆಲಸ ಹೋಗುವ ಚಿಂತೆ ಇದನ್ನು ಇನ್ನೂ ಚುರುಕು ಮಾಡುತ್ತವೆ. ಇಲ್ಲಿ ನಟನೆ ಎಲ್ಲೂ ಇಲ್ಲ. ಪ್ರತಿ ಹಂತವೂ ದೇಹದಲ್ಲೇ ನಡೆಯುತ್ತದೆ, ನಂಬಿಕೆ ಅದಕ್ಕೆ ದಾರಿ ತೋರಿಸಿತು ಅಷ್ಟೇ.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹೊಸ ಸೊಂಟ ನೋವಿನ ನಗರಸಭಾ ನೌಕರರನ್ನು ಮೂರು ಗುಂಪು ಮಾಡಿ ನೋಡಿದ್ದರು. ಒಂದಕ್ಕೆ ಎರಡು ದಿನ ಹಾಸಿಗೆಯ ವಿಶ್ರಾಂತಿ, ಒಂದಕ್ಕೆ ಬೆನ್ನಿನ ವ್ಯಾಯಾಮ, ಇನ್ನೊಂದಕ್ಕೆ ನೋವು ತಾಳಿಕೊಳ್ಳುವಷ್ಟರಲ್ಲಿ ದಿನದ ಕೆಲಸವನ್ನೇ ಮಾಡುತ್ತಿರಿ ಎಂಬ ಸಲಹೆ. 1995ರಲ್ಲಿ ಫಲಿತಾಂಶ ಬಂದಾಗ ಮೂರನೆಯ ಗುಂಪೇ ಮುಂದಿತ್ತು. ಹಾಸಿಗೆಯವರು ಎಲ್ಲರಿಗಿಂತ ನಿಧಾನ. ಬರೀ ಎರಡು ದಿನಕ್ಕೆ ಇಷ್ಟು ವ್ಯತ್ಯಾಸ. ನಮ್ಮಲ್ಲಿ ಮೂರು ವಾರ ಬರೆಯುತ್ತಾರೆ.

ಬೆಲ್ಟಿನ ಮೇಲಿನ ಆಕ್ಷೇಪವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ಲೋಕಲ್ ರೈಲಿನಲ್ಲಿ ನಿಂತು ಹೋಗುವ ಆ ಒಂದೂಕಾಲು ಗಂಟೆ ಬೆಲ್ಟ್ ಹಾಕಿದರೆ ಆಕಾಶವೇನೂ ಬೀಳುವುದಿಲ್ಲ. ಬೆಲ್ಟ್ ಇಲ್ಲದೆ ನನ್ನ ಸೊಂಟ ನಿಲ್ಲುವುದಿಲ್ಲ ಎಂದು ಅನಿಸತೊಡಗಿದಾಗ ತೊಂದರೆ ಶುರು.

ತಜ್ಞರ ಜಗಳ

ಬಿಎಂಜೆ ಶಿಫಾರಸು ಹೊರಬಿದ್ದ ಕೂಡಲೇ ಇಂಜೆಕ್ಷನ್ ಕೊಡುವ ನೋವುತಜ್ಞರ ಸಂಘಗಳು ಹಲವು ದೇಶಗಳಲ್ಲಿ ಪ್ರತಿಭಟಿಸಿದವು. ಅವರ ವಾದವನ್ನು ಸ್ವಾರ್ಥವೆಂದು ಬದಿಗಿಡುವಂತಿಲ್ಲ. ಬೇರೆ ಬೇರೆ ಕಾರಣದ ನೋವುಗಳನ್ನು, ಬೇರೆ ಬೇರೆ ತಂತ್ರದ ಇಂಜೆಕ್ಷನ್ನುಗಳನ್ನು ಒಂದೇ ರಾಶಿಗೆ ಹಾಕಿ ಸರಾಸರಿ ತೆಗೆದರೆ ಉಪಯೋಗವಾಗುವ ಸಣ್ಣ ಗುಂಪು ಸರಾಸರಿಯಲ್ಲಿ ಮುಳುಗಿಹೋಗುತ್ತದೆ ಎನ್ನುತ್ತಾರೆ. ತರ್ಕ ಸರಿ. ಆದರೆ ಆ ಸಣ್ಣ ಗುಂಪು ಯಾವುದು ಎಂದು ಮೊದಲೇ ಗುರುತಿಸಿ ಕೊಡುವ ಹೊಣೆ ಚಿಕಿತ್ಸೆ ಮಾರುವವರದೇ. ಸದ್ಯಕ್ಕೆ ಆಗುತ್ತಿರುವುದು ಎಲ್ಲರಿಗೂ ಕೊಟ್ಟು ನೋಡುವುದು.

ಶಸ್ತ್ರಚಿಕಿತ್ಸೆಯ ಚಿತ್ರ ಇನ್ನೂ ಸ್ವಾರಸ್ಯದ್ದು. ಡಿಸ್ಕ್ ಬಿರಿದು ಕಾಲಿಗೆ ನೋವಿಳಿದ 283 ಮಂದಿಯನ್ನು ನೆದರ್ಲೆಂಡ್ಸಿನ ವೈದ್ಯರು ಬೇಗ ಶಸ್ತ್ರಚಿಕಿತ್ಸೆ ಮಾಡುವವರು, ಕಾದು ನೋಡುವವರು ಎಂದು ಎರಡು ಗುಂಪು ಮಾಡಿ ಅಧ್ಯಯನ ನಡೆಸಿ 2007ರಲ್ಲಿ ಪ್ರಕಟಿಸಿದರು. ಬೇಗ ಶಸ್ತ್ರಚಿಕಿತ್ಸೆಯಾದವರ ಕಾಲು ನೋವು ಬೇಗ ಇಳಿಯಿತು. ವರ್ಷದ ಕೊನೆಗೆ ನೋಡಿದರೆ ಎರಡೂ ಗುಂಪಿನಲ್ಲಿ ಶೇ 95 ಮಂದಿ ಗುಣವಾಗಿದ್ದರು; ಕಾಯುವ ಗುಂಪಿನಲ್ಲಿ ಸುಮಾರು ಶೇ 39 ಮಂದಿ ನಡುವೆ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡಿದ್ದರು ಎಂಬುದನ್ನೂ ಸೇರಿಸಿ ಓದಬೇಕು. ಹಾಗಾಗಿ ಆಪರೇಷನ್ ಮಾಡಿಸಿಕೊಂಡ ನೆರೆಮನೆಯವರು ದಡ್ಡರಲ್ಲ, ತಾಳಿಕೊಂಡವರು ಹುಂಬರೂ ಅಲ್ಲ. ಇದು ಕಾಲಿಗಿಳಿಯುವ ನೋವಿನ ಮಾತು. ಬರೀ ಸೊಂಟ ನೋವಿಗೆ ಡಿಸ್ಕ್ ಆಪರೇಷನ್ ಬೇರೆಯೇ ಪ್ರಶ್ನೆ, ಅಲ್ಲಿ ಪುರಾವೆ ತೆಳುವಾಗಿದೆ.

ಮೂರನೆಯ ಆಕ್ಷೇಪ ಬಲವಾದದ್ದು, ಅದು ಕಾರ್ಮಿಕರ ಪರವಾಗಿ ಬರುವಂಥದು. ನಂಬಿಕೆ, ಭಯ, ಮನೋಭಾವ ಎಂದು ಮಾತಾಡುತ್ತಾ ಹೋದರೆ ಐವತ್ತು ಕಿಲೋ ಚೀಲ, ಹನ್ನೆರಡು ಗಂಟೆಯ ಪಾಳಿ, ಗೋವೆಯ ವಾಸ್ಕೋದಲ್ಲಿ ವಿಜಯಪುರ ಕಲಬುರಗಿ ಕಡೆಯಿಂದ ಬಂದವರು ತಲೆಯ ಮೇಲೆ ಹೊರುವ ಕಾಂಕ್ರೀಟಿನ ಬಾಣಲೆ ಇವೆಲ್ಲ ಮಾತಿನಿಂದ ಮಾಯವಾಗುತ್ತವೆ. ಟೊಂಕ ಬಿದ್ದುಹೋಗಿದೆ ಎನ್ನುವವನಿಗೆ ನಿನ್ನ ಯೋಚನೆ ತಿದ್ದಿಕೋ ಎಂದರೆ ಅದು ಅವಮಾನ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪ್ರಾಥಮಿಕ ಆರೋಗ್ಯ ಸೇವೆಗೆ ಬರೆದದ್ದು, ಕೆಲಸದ ಜಾಗದ ಕಾನೂನಿಗಲ್ಲ. ಆ ಮಿತಿ ಮರೆತರೆ ಒಳ್ಳೆಯ ಸಲಹೆಯೂ ಮಾಲೀಕನ ನೆಪವಾಗುತ್ತದೆ.

ಕಾಯಬಾರದ ಸಂದರ್ಭ

ಹೆದರಬೇಡಿ ಎನ್ನುವ ಲೇಖನ ಎಲ್ಲಿ ಹೆದರಬೇಕೆಂಬುದನ್ನೂ ಹೇಳಬೇಕು. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟಿದರೆ, ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರು ಜಾರಿಬಿದ್ದ ಮೇಲೆ, ಅಥವಾ ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಹಠಾತ್ತಾಗಿ ನೋವು ಬಂದರೆ ಮೂಳೆ ಮುರಿತ ಸಂಶಯಿಸಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರು ತಡಮಾಡಬಾರದು.

ಮುಂಬಯಿಯಲ್ಲಿ ಇದರ ಜೊತೆಗೆ ಕ್ಷಯ. ರಾತ್ರಿ ಮಲಗಿದಾಗಲೂ ಬಿಡದ ನೋವು, ಸಂಜೆಯ ಜ್ವರ, ತೂಕ ಇಳಿಕೆ ಕಂಡರೆ ಬೆನ್ನುಮೂಳೆಯ ಕ್ಷಯವನ್ನು ಪರೀಕ್ಷಿಸಲೇಬೇಕು, ಕೆಮ್ಮು ಇರಲೇಬೇಕೆಂದಿಲ್ಲ. ಪಾಶ್ಚಾತ್ಯ ಮಾರ್ಗಸೂಚಿಗಳನ್ನು ಇದ್ದಂತೆ ಇಲ್ಲಿಗೆ ತಂದು ಎಂಆರ್‌ಐ ಬೇಡವೇ ಬೇಡ ಎಂದು ಹೇಳಲಾಗದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಇನ್ನೊಂದು, ನಲವತ್ತರ ಒಳಗೆ ಶುರುವಾಗಿ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಸೆಟೆದುಕೊಂಡಿದ್ದು, ಓಡಾಡಿದಂತೆ ಕಡಿಮೆಯಾಗುವ ನೋವು. ಅದು ಬೆನ್ನುಮೂಳೆಯ ಉರಿಯೂತದ ಸಂಧಿವಾತ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಇಂಥವರು ವರ್ಷಗಟ್ಟಲೆ "ಗ್ಯಾಪ್" ಹೆಸರಿನಲ್ಲಿ ಬೆಲ್ಟ್ ಬಿಗಿದುಕೊಂಡೇ ಕಾಲ ಕಳೆಯುತ್ತಾರೆ.

ಹಣದ ಹಾದಿ

ಪುರಾವೆ ಇಷ್ಟು ಸ್ಪಷ್ಟವಾಗಿದ್ದೂ ಚೀಟಿ ಏಕೆ ಬದಲಾಗುವುದಿಲ್ಲ? ವೈದ್ಯರಿಗೆ ಗೊತ್ತಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ಐದು ನಿಮಿಷದಲ್ಲಿ ಬೆಲ್ಟ್ ಬರೆಯಬಹುದು; ನಿಮ್ಮ ಬೆನ್ನು ಗಟ್ಟಿಯಾಗಿದೆ, ನೋಯುವುದಕ್ಕೂ ಕೆಡುವುದಕ್ಕೂ ವ್ಯತ್ಯಾಸವಿದೆ ಎಂದು ಮನಗಾಣಿಸಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ಬಿಲ್ಲು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಏನನ್ನೂ ಬರೆಯದೆ ಕಳಿಸಿದ ವೈದ್ಯರನ್ನು ರೋಗಿಯೂ ಒಳ್ಳೆಯವರೆನ್ನುವುದಿಲ್ಲ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಗೆ ದಾಖಲಾದರೆ, ಡೇ ಕೇರ್ (ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆ) ಪಟ್ಟಿಯಲ್ಲಿರುವ ಪ್ರಕ್ರಿಯೆಯಾದರೆ ಹಣ ಕೊಡುತ್ತದೆ. ಹೊರರೋಗಿಯಾಗಿ ಫಿಸಿಯೋಥೆರಪಿ ಕೇಂದ್ರಕ್ಕೆ ಹೋಗಿ ವ್ಯಾಯಾಮ ಕಲಿತರೆ ಹೆಚ್ಚಿನ ಪಾಲಿಸಿಗಳಲ್ಲಿ ಕೈಯಿಂದಲೇ ಹೋಗುತ್ತದೆ. ಹೀಗೆ ಪುರಾವೆ ಕಡಿಮೆ ಇರುವ ಚಿಕಿತ್ಸೆ ರೋಗಿಗೆ ಅಗ್ಗ, ಪುರಾವೆ ಇರುವುದು ದುಬಾರಿ. ಬಿಎಂಜೆ ಶಿಫಾರಸನ್ನು ವಿಮಾ ಕಂಪನಿಗಳು ಎತ್ತಿಕೊಂಡು ಇಂಜೆಕ್ಷನ್ನಿಗೆ ಹಣ ನಿರಾಕರಿಸಿ, ಬದಲಿಗೆ ವ್ಯಾಯಾಮಕ್ಕೂ ಕೊಡದಿದ್ದರೆ ರೋಗಿಗೆ ಎರಡೂ ಕಡೆ ನಷ್ಟ. ಆ ಸಾಧ್ಯತೆ ಸಣ್ಣದಲ್ಲ.

ಅತ್ಯಂತ ಅಗ್ಗದ ಉಪಾಯಕ್ಕೂ ನಗರ ಅಡ್ಡಗಾಲು ಹಾಕುತ್ತದೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯಲ್ಲಿ ನಡಿಗೆಯನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ವಾರಕ್ಕೆ ಐದು ದಿನ, ಅರ್ಧ ಗಂಟೆಯ ಗುರಿ, ನಡುನಡುವೆ ಫಿಸಿಯೋಥೆರಪಿಸ್ಟರ ಮಾರ್ಗದರ್ಶನ. ನೋವು ಮರಳುವವರೆಗಿನ ಅವಧಿಯ ಮಧ್ಯಮ ಅಂಕಿ ನಡೆದವರಲ್ಲಿ 208 ದಿನ, ನಡೆಯದವರಲ್ಲಿ 112. ಶಿವಾಜಿ ಪಾರ್ಕ್ ಪಕ್ಕದಲ್ಲಿರುವವರಿಗೆ ಇದು ಸುಲಭ. ವಿರಾರಿನಿಂದ ರೈಲು ಹಿಡಿದು ಹೋಗಿ ಬಂದು ರಾತ್ರಿ ಹತ್ತಕ್ಕೆ ಮನೆ ಸೇರುವವರಿಗೆ ಅಷ್ಟು ಸುಲಭವಲ್ಲ, ಒಂದು ನಿಲ್ದಾಣ ಮೊದಲೇ ಇಳಿದು ನಡೆಯಿರಿ ಎಂದು ಬರೆಯುವುದು ಮಾತ್ರ ಬಹಳ ಸುಲಭ.

ನಂಬಿಕೆ ಬದಲಿಸಲು ಹೊರಟವರು

ಸಾರ್ವಜನಿಕರ ನಂಬಿಕೆಯನ್ನೇ ಬದಲಿಸುವ ದೊಡ್ಡ ಪ್ರಯತ್ನ ನಡೆದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, 1997ರಿಂದ 1999ರವರೆಗೆ. ಮಲಗಬೇಡಿ, ಓಡಾಡಿ, ಕೆಲಸಕ್ಕೆ ಮರಳಿ ಎಂದು ಟಿವಿಯಲ್ಲಿ ಜಾಹೀರಾತು ಬಂದವು. ಜನರ ನಂಬಿಕೆ ಬದಲಾಯಿತು, ಮುಖ್ಯವಾಗಿ ವೈದ್ಯರದೂ ಬದಲಾಯಿತು. ಬೆನ್ನು ನೋವಿನ ಪರಿಹಾರಕ್ಕಾಗಿ ಬರುವ ಅರ್ಜಿಗಳು ಇಳಿದವು. ಇದನ್ನು ನೋಡಿ ಸ್ಕಾಟ್ಲೆಂಡ್, ನಾರ್ವೆ, ಕೆನಡಾದ ಆಲ್ಬರ್ಟಾ ಪ್ರಾಂತ್ಯಗಳಲ್ಲೂ ಪ್ರಚಾರ ನಡೆಯಿತು. ಅಲ್ಲೂ ನಂಬಿಕೆ ಒಂದಷ್ಟು ಸುಧಾರಿಸಿತು. ಕೆಲಸಕ್ಕೆ ಗೈರಾಗುವುದು ಮಾತ್ರ ಕಡಿಮೆಯಾಗಲಿಲ್ಲ.

ವ್ಯತ್ಯಾಸಕ್ಕೆ ಹಲವು ಕಾರಣ ಹೇಳುತ್ತಾರೆ. ವಿಕ್ಟೋರಿಯಾದಲ್ಲಿ ಖರ್ಚೂ ಹೆಚ್ಚು, ಟಿವಿಯ ಬಳಕೆಯೂ ಹೆಚ್ಚು. ನನಗೆ ಮುಖ್ಯವೆನಿಸುವುದು ಅದನ್ನು ನಡೆಸಿದವರು ಯಾರು ಎಂಬುದು. ಅದು ಕಾರ್ಮಿಕರಿಗೆ ಪರಿಹಾರ ಕೊಡುವ ಸರ್ಕಾರಿ ಪ್ರಾಧಿಕಾರ. ಕಾರ್ಮಿಕ ಮನೆಯಲ್ಲಿ ಮಲಗಿದ ಪ್ರತಿ ದಿನಕ್ಕೂ ಅದು ಹಣ ತೆರಬೇಕಿತ್ತು. ಅವನು ಬೇಗ ಎದ್ದು ನಡೆಯಲಿ ಎಂಬ ಆಸೆ ಅದರ ಲೆಕ್ಕಪುಸ್ತಕದಲ್ಲೇ ಇತ್ತು.

ಮುಂಬಯಿಯಲ್ಲಿ ಆ ದಿನಗಳ ಹಣ ಯಾರು ಕೊಡುತ್ತಾರೆ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ನೌಕರರ ಸರ್ಕಾರಿ ವಿಮೆಯಾದ ಇಎಸ್‌ಐ ವ್ಯಾಪ್ತಿಗೆ ಬಂದವನಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಸಣ್ಣ ಹೋಟೆಲು, ಕ್ಯಾಂಟೀನು, ನಾಕಾದಲ್ಲಿ (ರಸ್ತೆ ಕೂಡುವೆಡೆ) ಕೆಲಸಕ್ಕೆ ಕಾದು ನಿಲ್ಲುವ ಕೂಲಿ, ಮನೆಗೆಲಸದ ಹೆಂಗಸರು ಬಹುತೇಕ ಅದರ ಹೊರಗೆ. ಅವರಿಗೆ ಮಲಗಿದ ದಿನದ ಕೂಲಿ ಇಲ್ಲ. ನಷ್ಟ ಪೂರ್ತಿ ಅವರದೇ. ಆ ನಷ್ಟ ಯಾವ ಸಂಸ್ಥೆಯ ಲೆಕ್ಕಪುಸ್ತಕದಲ್ಲೂ ಬಾರದಿರುವುದರಿಂದ, ಅದನ್ನು ತಗ್ಗಿಸಲು ಮರಾಠಿಯಲ್ಲೋ ಹಿಂದಿಯಲ್ಲೋ ಕನ್ನಡದಲ್ಲೋ ಒಂದು ಜಾಹೀರಾತಿಗೆ ಹಣ ಹಾಕುವ ಕಾರಣ ಇಲ್ಲಿ ಯಾರಿಗೂ ಇಲ್ಲ. ಬೆಲ್ಟಿನ ಜಾಹೀರಾತಿಗೆ ಹಣ ಹಾಕುವವರು ಇದ್ದಾರೆ.